ಮರಳಿ ಬಾರದ ಕುದುರೆ

ಸುಮಾರು 9-10ನೆಯ ಶತಮಾನಗಳಲ್ಲಿ ಐಸ್‌ಲೆಂಡಿಗೆ ವಲಸೆ ಬಂದ ಜನ ತಮ್ಮ ಹಡಗುಗಳಲ್ಲಿ ಕುದುರೆಗಳನ್ನೂ ತಂದರು. ಆ ದ್ವೀಪದ ಇಂದಿನ ಕುದುರೆಗಳು ಅವುಗಳ ಸಂತತಿ. ನಾಲ್ಕೂವರೆ ಅಡಿ ಎತ್ತರದ, ದಟ್ಟ ರೋಮದ ಈ ಪ್ರಾಣಿಯ ಹಿರಿಮೆಯಿರುವುದು ಅದರ ನಡೆಯಲ್ಲಿ. ‘ಟೋಲ್ಟ್’ ಎಂಬ ಆ ನಡೆಯಲ್ಲಿ ನಾಲ್ಕು ಗೊರಸುಗಳೂ ಒಂದಾದ ಮೇಲೊಂದರಂತೆ ನೆಲ ಮುಟ್ಟುತ್ತವೆ. ಒಂದಾದರೂ ಕಾಲು ಸದಾ ನೆಲದ ಮೇಲಿರುತ್ತದೆ. ಆದ್ದರಿಂದಲೇ ವೇಗ ಹೆಚ್ಚಿದರೂ ಸವಾರನಿಗೆ ಕುಲುಕಾಟವಿಲ್ಲ. ಕೈಯಲ್ಲಿನ ತುಂಬಿದ ಲೋಟವೂ ತುಳುಕದು. ಇದು ಕೇವಲ ಪಳಗಿಸಿದುದರ ಫಲವಲ್ಲ, ವಂಶಗತ ಗುಣ. ಇದಕ್ಕೆ ಕಾರಣವಾದ ಜೀನಿನ ಮಾರ್ಪಾಟನ್ನು ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು.

1783ರಲ್ಲಿ ಲಾಕಿ ಜ್ವಾಲಾಮುಖಿ ಸಿಡಿದಾಗ, ವಿಷ ಬೆರೆತ ಹುಲ್ಲು ಮೇದು ಅರ್ಧಕ್ಕೂ ಹೆಚ್ಚು ಕುದುರೆಗಳು ಅಳಿದವು. ಉಳಿದವುಗಳಿಂದಲೇ ತಳಿ ಮತ್ತೆ ಬೆಳೆಯಿತು. ಶತಮಾನಗಳ ಕಾಲ ಪ್ರತ್ಯೇಕವಾಗಿ ಬೆಳೆದ ಈ ತಳಿಗೆ ಹೊರನಾಡಿನ ಅನೇಕ ರೋಗಗಳನ್ನು ತಡೆದುಕೊಳ್ಳುವ ಶಕ್ತಿಯಿಲ್ಲ. ಆದಕಾರಣ ಹೊರಗಿನ ಕುದುರೆಗೆ ಅಲ್ಲಿ ಪ್ರವೇಶ ನಿಷಿದ್ಧ. ಒಮ್ಮೆ ದ್ವೀಪ ಬಿಟ್ಟು ಹೋದ ಕುದುರೆಗೂ ಇದೇ ಕಟ್ಟಳೆ. ಪರದೇಶದ ಪಂದ್ಯಕ್ಕೆ ತನ್ನ ಮೆಚ್ಚಿನ ಕುದುರೆಯನ್ನು ಕೊಂಡೊಯ್ದ ಸವಾರನು, ಪದಕವನ್ನೇ ಗೆದ್ದರೂ, ಅದನ್ನು ಅಲ್ಲಿಯೇ ಬಿಟ್ಟು ಒಬ್ಬನೇ ಮನೆಗೆ ಮರಳಬೇಕು.