ಕಥೆಗಿಂತ ಮುಂಚಿನ ಒಂದು ಪುಟ

‘ಓದಿಸಿಕೊಂಡು ಹೋಗುತ್ತೆ’ ಎನ್ನುವುದು ಕನ್ನಡದ ಓದುಗರ ಬಾಯಲ್ಲಿ ಹೊಗಳಿಕೆಯೂ ಹೌದು, ಜಾರಿಕೊಳ್ಳುವ ಉಪಾಯವೂ ಹೌದು. ಹಾಗೆಂದವರು ಪುಸ್ತಕ ಒಳ್ಳೆಯದು ಎಂದಿರುವುದಿಲ್ಲ, ಕೆಟ್ಟದ್ದು ಎಂದೂ ಅಂದಿರುವುದಿಲ್ಲ. ಕಾದಂಬರಿಕಾರ ಡ್ಯಾನ್ ಬ್ರೌನ್ ಬಗ್ಗೆ ಇಪ್ಪತ್ತು ವರ್ಷಗಳಿಂದ ನಾನು ಕೇಳಿರುವ ಅಭಿಪ್ರಾಯಗಳಲ್ಲಿ ಮುಕ್ಕಾಲು ಪಾಲು ಇದೇ. ಉಳಿದವರಲ್ಲಿ ಕೆಲವರು ‘ಶುದ್ಧ ಕಸ’ ಅಂದರು. ಇನ್ನು ಕೆಲವರು ‘ಅಬ್ಬಾ, ಎಷ್ಟೆಲ್ಲ ವಿಷಯ ತಿಳಿಯಿತು!’ ಅಂದರು. ನನ್ನ ತಕರಾರು ಇರುವುದು ಈ ಕೊನೆಯ ಮಾತಿನ ಜೊತೆ.

ಕಸ ಅಂದವರಲ್ಲಿ ದೊಡ್ಡ ಹೆಸರುಗಳಿವೆ. ಬ್ರೌನ್ ಅವರ ‘ದ ಡಾ ವಿಂಚಿ ಕೋಡ್’ 2003ರಲ್ಲಿ ಬಂತು. ಅದು ಕೆಟ್ಟ ಕಾದಂಬರಿಗಳಿಗೂ ಕೆಟ್ಟ ಹೆಸರು ತರುವಂಥದ್ದು ಎಂದು ಸಲ್ಮಾನ್ ರಶ್ದಿ ಗೇಲಿ ಮಾಡಿದರು. ಸ್ಟೀಫನ್ ಕಿಂಗ್ ಅದನ್ನು ಪೊಟ್ಟಣದ ಮ್ಯಾಕರೋನಿಗೆ ಹೋಲಿಸಿದರು. ತಮಾಷೆಯೆಂದರೆ, ಕಿಂಗ್ ಅವರನ್ನೂ ಇದೇ ಮಾತಿನಲ್ಲಿ ತಿವಿದವರು ಬೇಕಾದಷ್ಟಿದ್ದರು. ಭಾಷಾವಿಜ್ಞಾನಿ ಜೆಫ್ರಿ ಪುಲ್ಲಮ್ ಮೊದಲ ವಾಕ್ಯವನ್ನೇ ಹಿಡಿದು ಜಾಲಾಡಿದರು: ಪ್ರಾಣ ಹೋಗುವ ಹೊತ್ತಿನಲ್ಲಿ ಓಡುತ್ತಿರುವ ಮನುಷ್ಯನನ್ನು ಪತ್ರಿಕೆಯ ನಿಧನವಾರ್ತೆಯ ಧಾಟಿಯಲ್ಲಿ, ಬಿರುದು ಹುದ್ದೆ ಸಮೇತ ಪರಿಚಯಿಸುವುದು ಯಾವ ಸೀಮೆಯ ಗದ್ಯ ಎಂದು. ಅವರ ಮಾತು ಸರಿ. ಆದರೂ ಪುಸ್ತಕದ ಎಂಟು ಕೋಟಿ ಪ್ರತಿಗಳು ಹೋದವು.

ಹೇಗೆ ಹೋದವು ಎನ್ನುವುದರಲ್ಲಿ ಮಾಯಮಂತ್ರವೇನಿಲ್ಲ. ಒಟ್ಟು 105 ಅಧ್ಯಾಯಗಳು, ಹಲವು ಎರಡು ಮೂರು ಪುಟದವು. ಬಾಗಿಲು ತೆರೆಯುವ ಹೊತ್ತಿಗೆ ಅಧ್ಯಾಯ ಮುಗಿಯುತ್ತದೆ, ಒಳಗೆ ಏನಿತ್ತೆಂದು ತಿಳಿಯಲು ಇನ್ನೊಂದು ಊರಿನ ಇನ್ನೊಬ್ಬನ ಕಥೆ ದಾಟಬೇಕು. ನಾನು ಓದಿದ್ದು ಮೆಜೆಸ್ಟಿಕ್ ಫುಟ್‌ಪಾತಿನಲ್ಲಿ ಕೊಂಡ ನಕಲಿ ಪ್ರತಿ. ನಡುವೆ ಒಂದು ಫಾರಂ, ಅಂದರೆ ಹದಿನಾರು ಪುಟ, ಬೈಂಡ್ ಮಾಡುವವನ ಕೈಯಿಂದ ತಪ್ಪಿಹೋಗಿತ್ತು. ಅದು ನನಗೆ ಗೊತ್ತಾದದ್ದು ನಾಲ್ಕು ಅಧ್ಯಾಯ ಮುಂದೆ ಹೋದಮೇಲೆ! ಇದನ್ನು ಲೇಖಕರ ಸೋಲು ಎನ್ನಬೇಕೋ ಗೆಲುವು ಎನ್ನಬೇಕೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ. ಓದಿಸಿಕೊಂಡು ಹೋಗುವುದು ಎಂದರೆ ಇದೇ ಇರಬೇಕು: ಅದು ಹೋಗುತ್ತಿರುತ್ತದೆ, ನಾವು ಹಿಂದೆ ಓಡುತ್ತಿರುತ್ತೇವೆ.

ಓದಿ ಮುಗಿಸಿದವರ ಅಭಿಪ್ರಾಯ ಬಾಯಲ್ಲಿ ಬರುವುದಕ್ಕಿಂತ ಕೈಯಲ್ಲಿ ಹೆಚ್ಚು ಪ್ರಾಮಾಣಿಕವಾಗಿ ಬರುತ್ತದೆ. ಬ್ರಿಟನ್ನಿನಲ್ಲಿ ಆಕ್ಸ್‌ಫ್ಯಾಮ್ ಎಂಬ ದತ್ತಿ ಸಂಸ್ಥೆಯ ಹಳೆ ಪುಸ್ತಕದ ಅಂಗಡಿಗಳಿವೆ. ಅಲ್ಲಿಗೆ ಜನ ತಂದುಕೊಡುತ್ತಿದ್ದ ಪುಸ್ತಕಗಳಲ್ಲಿ ವರ್ಷಗಟ್ಟಲೆ ಬ್ರೌನ್ ಅವರದ್ದೇ ಮೊದಲ ಸ್ಥಾನವಾಗಿತ್ತು. ವೇಲ್ಸ್‌ನ ಸ್ವಾನ್ಸೀ ಊರಿನ ಅಂಗಡಿಯಂತೂ ‘ಡಾ ವಿಂಚಿ ಕೋಡ್ ಇನ್ನು ಸಾಕು, ದಯವಿಟ್ಟು ತರಬೇಡಿ’ ಎಂದು ಕೈಮುಗಿಯಿತು. ಡೇವಿಡ್ ಶ್ರಿಗ್ಲಿ ಎಂಬ ಕಲಾವಿದ ಹೀಗೆ ಬೇಡವಾದ ಸುಮಾರು 6000 ಪ್ರತಿಗಳನ್ನು ಅರೆಸಿ, ಆ ಕಾಗದದ ಮೇಲೆ ಆರ್ವೆಲ್‌ನ ‘1984’ ಅಚ್ಚು ಹಾಕಿಸಿದ. ಅದು ಕೊಂಚ ಅತಿಯಾಯಿತು ಎಂದೇ ನನ್ನ ಭಾವನೆ. ಒಂದು ರೈಲು ಪ್ರಯಾಣಕ್ಕೆ ಒದಗಿದ ಪುಸ್ತಕವನ್ನು ಮನೆಯ ಕಪಾಟಿನಲ್ಲಿ ಇಟ್ಟುಕೊಳ್ಳದಿದ್ದರೆ ಓದುಗನದ್ದೂ ತಪ್ಪಿಲ್ಲ, ಪುಸ್ತಕದ್ದೂ ತಪ್ಪಿಲ್ಲ.

ಹಾಗಾಗಿ ಗದ್ಯದ ಜಗಳ ನನಗೆ ದೊಡ್ಡದಲ್ಲ. ದೊಡ್ಡದು ಕಥೆ ಶುರುವಾಗುವ ಮುಂಚೆ ಇರುವ ಒಂದು ಪುಟ. ‘ಸತ್ಯಾಂಶ’ ಎಂಬ ತಲೆಬರಹದ ಆ ಪುಟ ಪ್ರಯರಿ ಆಫ್ ಸೈಯನ್ ಎಂಬ ಗುಪ್ತ ಸಂಘ 1099ರಲ್ಲಿ ಹುಟ್ಟಿದ ನಿಜವಾದ ಸಂಸ್ಥೆ ಎನ್ನುತ್ತದೆ. ಕಾದಂಬರಿಯಲ್ಲಿ ಬರುವ ಕಲಾಕೃತಿ, ಕಟ್ಟಡ, ದಾಖಲೆಗಳ ವಿವರವೆಲ್ಲ ನಿಖರ ಎಂದೂ ಹೇಳುತ್ತದೆ. ಸಂಘ ಇದ್ದದ್ದು ನಿಜ. ಅದನ್ನು 1956ರಲ್ಲಿ ಫ್ರಾನ್ಸಿನ ಆನ್‌ಮಾಸ್ ಎಂಬ ಊರಿನಲ್ಲಿ ಪಿಯೆರ್ ಪ್ಲಾಂಟಾರ್ ಎಂಬಾತ ಗೆಳೆಯರ ಜೊತೆ ಸ್ಥಾಪಿಸಿದ. ಅದರ ಪತ್ರಿಕೆ ಕಡಿಮೆ ಬಾಡಿಗೆಯ ಸರ್ಕಾರಿ ವಸತಿಗಳಲ್ಲಿದ್ದವರ ಹಕ್ಕಿನ ಬಗ್ಗೆ ಬರೆಯುತ್ತಿತ್ತು. ಆಮೇಲೆ ಅವನೂ ಅವನ ಸ್ನೇಹಿತರೂ ಹಳೆಯ ವಂಶಾವಳಿಗಳನ್ನು ಸೃಷ್ಟಿಸಿ, ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ತಂದಿಟ್ಟರು. ಕಟ್ಟಡದ ವಿವರವೂ ಅಷ್ಟೇ: ಲೂವ್ರ್ ವಸ್ತುಸಂಗ್ರಹಾಲಯದ ಗಾಜಿನ ಪಿರಮಿಡ್ಡಿಗೆ 666 ಫಲಕ ಎನ್ನುತ್ತದೆ ಕಾದಂಬರಿ, ಎಣಿಸಿದರೆ 673.

‘ಕಾದಂಬರಿ ತಾನೆ, ಬಿಡಿ’ ಎನ್ನುವವರಿದ್ದಾರೆ. ಕಾದಂಬರಿಯೊಳಗೆ ಎಷ್ಟು ಬೇಕಾದರೂ ಸುಳ್ಳು ಹೇಳಲಿ, ಅದಕ್ಕೇ ನಾವು ದುಡ್ಡು ಕೊಡುವುದು. ಉಂಬರ್ತೊ ಎಕೊ 1988ರ ‘ಫೂಕೋಸ್ ಪೆಂಡ್ಯುಲಮ್’ನಲ್ಲಿ ಇದೇ ಸರಕು ಬಳಸಿ, ಇಂಥದ್ದನ್ನು ನಂಬುವವರ ಗತಿ ಏನಾಗುತ್ತದೆಂದು ತೋರಿಸಿದ್ದರು. ಡ್ಯಾನ್ ಬ್ರೌನ್ ತಮ್ಮ ಆ ಕಾದಂಬರಿಯ ಒಂದು ಪಾತ್ರ ಎಂದು ಆಮೇಲೆ ನಕ್ಕರು ಕೂಡ. ಆದರೆ ಆ ಒಂದು ಪುಟ ಕಾದಂಬರಿಯ ಹೊಸ್ತಿಲಿನಾಚೆ ನಿಂತು ಮಾತಾಡುತ್ತದೆ. ಅಲ್ಲಿ ಮಾತಾಡುತ್ತಿರುವುದು ಪಾತ್ರವಲ್ಲ, ಲೇಖಕ. ಓದುಗ ಅನುಮಾನವನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಒಳಗೆ ಬರಲಿ ಎಂದೇ ಅದನ್ನು ಅಲ್ಲಿಟ್ಟದ್ದು. ‘ಎಷ್ಟೆಲ್ಲ ವಿಷಯ ತಿಳಿಯಿತು’ ಎನ್ನುವ ಓದುಗ ಮೂರ್ಖನಲ್ಲ. ಕೊಟ್ಟ ಮಾತನ್ನು ನಂಬಿದವನು. ಪಂಡಿತರು ಮುಚ್ಚಿಟ್ಟದ್ದು ತನ್ನ ಕೈಗೆ ಸಿಕ್ಕಿತು ಎನ್ನುವ ಹಿಗ್ಗೂ ಅದರಲ್ಲಿದೆ. ಆ ಹಿಗ್ಗಿನ ಬಲದಲ್ಲೇ ಪುಸ್ತಕ ಕೈಯಿಂದ ಕೈಗೆ ದಾಟಿತು.

ನಮ್ಮಲ್ಲಿ ಕೆ. ಎನ್. ಗಣೇಶಯ್ಯ ಅವರನ್ನು ಬ್ರೌನ್ ಜೊತೆ ಹೋಲಿಸುವುದು ವಾಡಿಕೆ. ಕೃಷಿ ವಿಜ್ಞಾನಿಯಾದ ಅವರು ಕಥೆಗೆ ಅಡಿಟಿಪ್ಪಣಿ, ಆಕರಗಳನ್ನು ಜೋಡಿಸುತ್ತಾರೆ. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ತೆನೆಯಂಥ ವಸ್ತು ಮುಸುಕಿನ ಜೋಳವೇ ಎಂಬ ಪ್ರಶ್ನೆ ಅವರ ಕಾದಂಬರಿ ‘ಕನಕ ಮುಸುಕು’ ಓದಿದ ಎಲ್ಲರಿಗೂ ಗೊತ್ತು. ಅಮೆರಿಕದ ಆ ಬೆಳೆ ಕೊಲಂಬಸ್‌ಗಿಂತ ಮುಂಚೆ ಇಲ್ಲಿಗೆ ಬಂದದ್ದು ಹೇಗೆ ಎಂಬ ವಾದ ವಿದ್ವಾಂಸರ ನಡುವೆಯೂ ನಡೆದಿದೆ. ಅದು ಜೋಳವೇ ಅಲ್ಲ ಎಂದವರೂ ಇದ್ದಾರೆ. ಆಕರ ಕೊಟ್ಟರೆ ಹುಡುಕಿ ನೋಡುವ ದಾರಿ ತೆರೆದಿರುತ್ತದೆ, ಇದು ದೊಡ್ಡ ವ್ಯತ್ಯಾಸ. ಹಾಗೆಂದು ಎಲ್ಲರೂ ಆ ದಾರಿ ಹಿಡಿಯುವುದಿಲ್ಲ. ಸೋಮನಾಥಪುರದ ಗೋಡೆಯ ಮುಂದೆ ನಿಂತು ‘ನೋಡಿ, ಜೋಳ’ ಎಂದು ಮಗನಿಗೆ ತೋರಿಸುತ್ತಿದ್ದವರನ್ನು ನಾನು ನೋಡಿದ್ದೇನೆ. ಪ್ರಶ್ನಾರ್ಥಕ ಚಿಹ್ನೆ ಮನೆಯಲ್ಲೇ ಉಳಿದಿತ್ತು. ಆದರೂ ಅವರು ಆ ಶಿಲ್ಪದ ಕೈಯನ್ನು ನೋಡಲು ನಿಂತದ್ದು ಒಂದು ಕಾದಂಬರಿಯಿಂದಾಗಿ ಇರಬಹುದು. ಅಷ್ಟು ಪುಣ್ಯ ಬ್ರೌನ್ ಅವರಿಗೂ ಸಲ್ಲಬೇಕು.

ಪ್ಯಾರಿಸ್ಸಿನ ಸ್ಯಾಂ ಸುಲ್ಪೀಸ್ ಚರ್ಚಿನ ನೆಲದಲ್ಲಿ ಒಂದು ಹಿತ್ತಾಳೆ ಗೆರೆ ಇದೆ. ಬಿಸಿಲಿನ ನಡೆ ನೋಡಿ ಈಸ್ಟರ್‌ನ ದಿನ ಲೆಕ್ಕಹಾಕಲು 18ನೇ ಶತಮಾನದಲ್ಲಿ ಹಾಕಿದ್ದು. ಬ್ರೌನ್ ಕಾದಂಬರಿ ಓದಿ ಬಂದವರು ಅಲ್ಲಿ ಹಳೆಯ ಗುಡಿಯ ಕುರುಹನ್ನೂ ಕಿಟಕಿಯ ಪಿ, ಎಸ್ ಅಕ್ಷರಗಳಲ್ಲಿ ಪ್ರಯರಿ ಆಫ್ ಸೈಯನ್ನನ್ನೂ ಹುಡುಕತೊಡಗಿದಾಗ ಚರ್ಚಿನವರು ಒಂದು ಸೂಚನೆ ಬರೆದು ಹಚ್ಚಬೇಕಾಯಿತು: ಇಲ್ಲಿ ಅಂಥ ಗುಡಿ ಯಾವತ್ತೂ ಇರಲಿಲ್ಲ, ಪಿ ಎಂದರೆ ಪೀಟರ್, ಎಸ್ ಎಂದರೆ ಸುಲ್ಪೀಸ್, ಇಬ್ಬರೂ ಈ ಚರ್ಚಿನ ಸಂತರು.