ಎಣ್ಣೆಯ ಪೀಪಾಯಿಯಲ್ಲಿ ಹುಟ್ಟಿದ ಸಂಗೀತ

ಆಧುನಿಕತೆಯ ಕಥೆಯನ್ನು ಮ್ಯಾಂಚೆಸ್ಟರಿನ ನೂಲಿನ ಗಿರಣಿಗಳಿಂದಲೋ ಪ್ಯಾರಿಸ್ಸಿನ ಕ್ರಾಂತಿಯಿಂದಲೋ ಆರಂಭಿಸುವುದು ರೂಢಿ. ಆಫ್ರಿಕಾದಿಂದ ಹಡಗುಗಳಲ್ಲಿ ತುಂಬಿ ತರಲ್ಪಟ್ಟು, ಅಮೆರಿಕ ಖಂಡಗಳಲ್ಲಿಯೂ ಕೆರಿಬಿಯನ್ ದ್ವೀಪಗಳಲ್ಲಿಯೂ ಗುಲಾಮರಾಗಿ ದುಡಿದ ಜನರಿಗೆ ಆ ಕಥೆಯಲ್ಲಿ ದೊರೆಯುವ ಸ್ಥಾನ ಬಹು ಕಿರಿದು. ಅವರು ಆಧುನಿಕತೆಯನ್ನು ಪರರಿಂದ ತಡವಾಗಿ ಪಡೆದವರು, ಅವರ ಹಾಡುಕುಣಿತಗಳು ಕಾಡಿನ ಬದುಕಿನ ಅವಶೇಷಗಳು ಎಂಬ ಭಾವನೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಈ ಭಾವನೆ ಎಷ್ಟು ಪೊಳ್ಳೆಂಬುದನ್ನು ಅರಿಯಲು ವೆನೆಜುವೆಲಾದ ತೀರಕ್ಕೆ ಸಮೀಪದಲ್ಲಿರುವ ಟ್ರಿನಿಡಾಡ್ ಎಂಬ ಪುಟ್ಟ ದ್ವೀಪದತ್ತ ದೃಷ್ಟಿ ಹಾಯಿಸಿದರೆ ಸಾಕು.

ಆ ದ್ವೀಪದಲ್ಲಿ ಜನಿಸಿದ ಸಿ. ಎಲ್. ಆರ್. ಜೇಮ್ಸ್ ಎಂಬ ಕಪ್ಪು ಜನಾಂಗದ ವಿದ್ವಾಂಸರು 1938ರಲ್ಲಿ 'ದಿ ಬ್ಲ್ಯಾಕ್ ಜಾಕೊಬಿನ್ಸ್' ಎಂಬ ಗ್ರಂಥವನ್ನು ಪ್ರಕಟಿಸಿದರು. 1791ರಲ್ಲಿ ದಂಗೆಯೆದ್ದು, 1804ರಲ್ಲಿ ಹೈಟಿ ಎಂಬ ಸ್ವತಂತ್ರ ರಾಷ್ಟ್ರವನ್ನು ಕಟ್ಟಿದ ಗುಲಾಮರ ಇತಿಹಾಸವದು. ಕಬ್ಬಿನ ತೋಟಗಳಲ್ಲಿ ನೂರಾರು ಜನ ಒಟ್ಟಿಗೆ ದುಡಿಯುತ್ತಿದ್ದ ಈ ಗುಲಾಮರು ಆ ಕಾಲದ ಉಳಿದೆಲ್ಲ ದುಡಿಮೆಗಾರರಿಗಿಂತ ಇಂದಿನ ಕಾರ್ಖಾನೆಯ ಕಾರ್ಮಿಕರಿಗೆ ಹತ್ತಿರದವರಾಗಿದ್ದರೆಂಬುದು ಜೇಮ್ಸರ ವಾದ. ಆಲೆಮನೆಯ ಪರಿಚಯವುಳ್ಳವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಡಿದ ಕಬ್ಬು ಕಾಯುವುದಿಲ್ಲ. ರಸ ಕೆಡುವ ಮುನ್ನ ಗಾಣಕ್ಕೆ ಬೀಳಬೇಕು, ಕೊಪ್ಪರಿಗೆಯಲ್ಲಿ ಕುದಿಯಬೇಕು. ಹಾಗಾಗಿ ಸುಗ್ಗಿಯಲ್ಲಿ ಸರದಿಯ ಮೇಲೆ ಹಗಲಿರುಳೆನ್ನದೆ ದುಡಿಮೆ, ಗಂಟೆಯ ಸದ್ದಿಗೆ ಏಳುವುದು, ಕೂಡುವುದು. ಗಿರಣಿಯ ಕಾಲಶಿಸ್ತನ್ನು ಮ್ಯಾಂಚೆಸ್ಟರಿಗಿಂತ ಮೊದಲೇ ಇವರ ಬೆನ್ನುಗಳು ಅರಿತಿದ್ದವು. ಅದೇ ದ್ವೀಪದ ಎರಿಕ್ ವಿಲಿಯಮ್ಸ್, 1962ರಲ್ಲಿ ಸ್ವತಂತ್ರ ಟ್ರಿನಿಡಾಡ್ ಮತ್ತು ಟೊಬೆಗೊ ದೇಶದ ಪ್ರಥಮ ಪ್ರಧಾನಿಯಾದವರು, 1944ರ ತಮ್ಮ ಗ್ರಂಥದಲ್ಲಿ ಬ್ರಿಟನ್ನಿನ ಕೈಗಾರಿಕೆಗೆ ಗುಲಾಮಗಿರಿಯ ಲಾಭ ಬಂಡವಾಳವಾಯಿತೆಂದು ಪ್ರತಿಪಾದಿಸಿದರು. ಎಷ್ಟರಮಟ್ಟಿಗೆ ಎಂಬುದರ ಬಗೆಗೆ ಇತಿಹಾಸಕಾರರು ಇನ್ನೂ ಚರ್ಚಿಸುತ್ತಿದ್ದಾರೆ. ಗುಲಾಮಗಿರಿಯ ರದ್ದತಿ 1834ರಲ್ಲಿ ಜಾರಿಗೆ ಬಂದಾಗ ಬ್ರಿಟಿಷ್ ಸರ್ಕಾರ ಎರಡು ಕೋಟಿ ಪೌಂಡುಗಳ ಪರಿಹಾರವನ್ನು ಕೊಟ್ಟದ್ದು ಒಡೆಯರಿಗೆ ಎಂಬುದರಲ್ಲಿ ಮಾತ್ರ ಚರ್ಚೆಗೆ ಎಡೆಯಿಲ್ಲ. ದುಡಿದವರಿಗೆ ಬಿಡಿಗಾಸೂ ಇರಲಿಲ್ಲ.

ಬಿಡುಗಡೆಯ ತರುವಾಯವೂ ಆ ಜನರ ಸಂಭ್ರಮ ಆಳುವವರಿಗೆ ಅಂಜಿಕೆಯನ್ನೇ ಉಂಟುಮಾಡುತ್ತಿತ್ತು. 1881ರ ಕಾರ್ನಿವಲ್ ಉತ್ಸವದಲ್ಲಿ ಪೊಲೀಸರಿಗೂ ಜನರಿಗೂ ಘರ್ಷಣೆಯಾಗಿ, ಮುಂದೆ 1884ರಲ್ಲಿ ಡೋಲು ಬಾರಿಸುವುದಕ್ಕೆ ಕಾನೂನಿನ ನಿರ್ಬಂಧ ಬಂದಿತು. ಡೋಲು ಹೋದರೆ ಹೋಗಲಿ ಎಂದು ಜನ ಬಿದಿರನ್ನು ಕೈಗೆತ್ತಿಕೊಂಡರು. ಗಳುಗಳನ್ನು ನೆಲಕ್ಕೆ ಕುಟ್ಟಿ ಲಯ ಹೊರಡಿಸಿದರು. 1930ರ ದಶಕದ ಕೊನೆಗೆ ಬಿಸ್ಕತ್ತಿನ ಡಬ್ಬಿ, ಕಸದ ಡಬ್ಬಿ, ಮೋಟಾರಿನ ಬಿಡಿಭಾಗಗಳೆಲ್ಲ ವಾದ್ಯಗಳಾದವು. ಟ್ರಿನಿಡಾಡ್ ತೈಲದ ನಾಡು; ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನಾನೆಲೆಗಳೂ ಅಲ್ಲಿದ್ದವು. ಬರಿದಾಗಿ ಬಿದ್ದ 55 ಗ್ಯಾಲನ್ನಿನ ಪೀಪಾಯಿಗಳಿಗೆ ಕೊರತೆಯಿರಲಿಲ್ಲ.

ಈ ಪೀಪಾಯಿಯಿಂದ ಅವರು ಮಾಡಿದ ವಾದ್ಯವೇ ಸ್ಟೀಲ್‌ಪ್ಯಾನ್. ಪೀಪಾಯಿಯ ತಳವನ್ನು ಸುತ್ತಿಗೆಯಿಂದ ಬಡಿಬಡಿದು ಬೋಗುಣಿಯಂತೆ ತಗ್ಗಿಸುತ್ತಾರೆ. ಆ ತಗ್ಗಿನಲ್ಲಿ ಸ್ವರಸ್ಥಾನಗಳನ್ನು ಗೆರೆಯೆಳೆದು ಗುರುತಿಸಿ, ಬೆಂಕಿಯಲ್ಲಿ ಕಾಯಿಸಿ ಹದಗೊಳಿಸುತ್ತಾರೆ. ಬಳಿಕ ಒಂದೊಂದು ಸ್ವರವನ್ನೂ ಸುತ್ತಿಗೆಯ ಅಳೆದ ಏಟುಗಳಿಂದ ಶ್ರುತಿಗೊಳಿಸುತ್ತಾರೆ. ಹೆಚ್ಚು ಕಡಿಮೆ ಒಂದು ಏಟು ಬಿದ್ದರೆ ಪಕ್ಕದ ಸ್ವರವೂ ಕೆಡುತ್ತದೆ. ತಾರಸ್ವರಗಳ ವಾದ್ಯಕ್ಕೆ ಪೀಪಾಯಿಯ ಪಕ್ಕವನ್ನು ಗಿಡ್ಡಗೆ ಕತ್ತರಿಸುವರು. ಮಂದ್ರಕ್ಕೆ ಇಡೀ ಪೀಪಾಯಿಯೇ ಬೇಕು, ಅದರಲ್ಲಿಯೂ ಒಬ್ಬನೇ ವಾದಕನ ಸುತ್ತ ಆರೋ ಒಂಬತ್ತೋ. ಬಡಕೇರಿಗಳ ಅಂಗಳಗಳಲ್ಲಿ, ಪ್ರಯೋಗಶಾಲೆಯ ನೆರವಿಲ್ಲದೆ ಕೇವಲ ಕಿವಿಯನ್ನು ನಂಬಿ ಸಿದ್ಧಿಸಿಕೊಂಡ ವಿದ್ಯೆಯಿದು. ಆದಿಯಲ್ಲಿ ಸ್ಥಳೀಯ ಗಣ್ಯರೇ ಈ ವಾದಕರನ್ನು ಪುಂಡರೆಂದು ಹಳಿದರು. 1951ರಲ್ಲಿ ಅವರ ತಂಡವೊಂದು ಲಂಡನ್ನಿನ ಮಹೋತ್ಸವದಲ್ಲಿ ನುಡಿಸಿ ಬಂದ ಮೇಲೆ ಹಳಿದ ನಾಲಗೆಗಳು ಮೆಲ್ಲಗೆ ಹೊರಳಿದವು. 1992ರಲ್ಲಿ ಅದು ರಾಷ್ಟ್ರೀಯ ವಾದ್ಯವಾಯಿತು. 2023ರಲ್ಲಿ ವಿಶ್ವಸಂಸ್ಥೆ ಆಗಸ್ಟ್ 11ನ್ನು ವಿಶ್ವ ಸ್ಟೀಲ್‌ಪ್ಯಾನ್ ದಿನವೆಂದು ಸಾರಿತು.

ಈ ವಾದ್ಯವನ್ನು ಕುರಿತು ಎರಡು ಬಗೆಯ ಅಭಿಪ್ರಾಯಗಳನ್ನು ಕೇಳಬಹುದು. ಯೂರೋಪಿನ ಸ್ವರಶ್ರೇಣಿಯನ್ನು ನುಡಿಸುವ ಕಾರಣ ಇದು ಅನುಕರಣೆಯೆನ್ನುವವರು ಕೆಲವರು. ಆಫ್ರಿಕಾದ ಡೋಲು ಹೊಸ ವೇಷದಲ್ಲಿ ಬಂದಿದೆಯಷ್ಟೇ ಎಂದು ಹೆಮ್ಮೆಪಡುವವರು ಮತ್ತೆ ಕೆಲವರು. ಇವುಗಳಲ್ಲಿ ಎರಡನೆಯದು ಸ್ನೇಹದ ಮಾತಾದುದರಿಂದ ಹೆಚ್ಚು ಅಪಾಯಕರ. ಲಯದ ನೆನಪು ಆಫ್ರಿಕಾದ್ದು ನಿಜ. ಆದರೆ ಉಕ್ಕು, ತೈಲ, ಯುದ್ಧ, ಪೊಲೀಸರ ಕಾನೂನು, ನಗರದ ಬಡಕೇರಿ ಇವಿಷ್ಟೂ ಕೂಡಿದಲ್ಲದೆ ಈ ವಾದ್ಯ ಹುಟ್ಟುತ್ತಿರಲಿಲ್ಲ; ಇವೆಲ್ಲವೂ ಆಧುನಿಕ ಯುಗದ ಸಾಮಗ್ರಿಗಳೇ. ಅದನ್ನು ಕೇವಲ ಪ್ರಾಚೀನತೆಯ ಪ್ರತಿಧ್ವನಿಯೆಂದರೆ, ಸುತ್ತಿಗೆ ಹಿಡಿದವನ ಬುದ್ಧಿಯನ್ನೇ ಅಲ್ಲಗಳೆದಂತೆ.

ಈ ದೃಷ್ಟಿದೋಷ ಕನ್ನಡ ನಾಡಿಗೂ ಹೊರತಲ್ಲ. ಹಳಿಯಾಳ, ಯಲ್ಲಾಪುರಗಳ ಸುತ್ತಿನ ಸಿದ್ದಿಯರೂ ಆಫ್ರಿಕಾ ಮೂಲದವರೇ; ಅವರ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗೋವೆಗೆ ಗುಲಾಮರಾಗಿ ಬಂದವರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರ ಡಮಾಮಿಯ ಸದ್ದು ವೇದಿಕೆಯಲ್ಲಿ ಮೊಳಗಿದಾಗ ಅದನ್ನು ವನವಾಸಿಗಳ ಆದಿಮ ಕಲೆಯೆಂದು ಪರಿಚಯಿಸಿ ಚಪ್ಪಾಳೆ ತಟ್ಟುವುದು ವಾಡಿಕೆ. ಅವರ ಹಿರಿಯರು ಕಾಡು ಸೇರುವ ಮುನ್ನ ಸಾಗರವನ್ನು ದಾಟಿದ್ದರು, ಬಂದರುಗಳನ್ನೂ ಹರಾಜಿನ ಕಟ್ಟೆಗಳನ್ನೂ ಕಂಡಿದ್ದರು ಎಂಬ ಮಾತು ಆ ಪರಿಚಯದಲ್ಲಿ ಬರುವುದು ಅಪರೂಪ.