ಧಾಟಿಯಿಲ್ಲದ ಬಾಯಿ ಯಾವುದು?

ಅಮೆರಿಕದಲ್ಲಿ ವಿಮಾನ, ರೈಲು, ಬಸ್ಸು ಯಾವುದನ್ನೇ ಹತ್ತಿ, ಪಕ್ಕದಲ್ಲಿ ಕೂತವರು ಮಾತು ಶುರುಮಾಡಿದರೆ ಎರಡು ನಿಮಿಷದೊಳಗೆ ಬರುವ ಪ್ರಶ್ನೆ ಒಂದೇ: "ನಿಮ್ಮದು ಯಾವ ಕಡೆ?" ಕೇಳಿದವರು ಉತ್ತರಕ್ಕಾಗಿ ಕಾಯುತ್ತಿರುವುದಿಲ್ಲ. ಎದುರಿನವರು ಬಾಯಿ ತೆರೆದಾಗಲೇ ಅವರಿಗೆ ಉತ್ತರ ಸಿಕ್ಕಿರುತ್ತದೆ, ಅದರ ಜೊತೆಗೇ ಒಂದು ಅಭಿಪ್ರಾಯವೂ ಸಿದ್ಧವಾಗಿರುತ್ತದೆ. ದಕ್ಷಿಣದ ರಾಜ್ಯಗಳವರ ಎಳೆದಾಡುವ ಮಾತಾದರೆ ತುಟಿಯಂಚಿನಲ್ಲಿ ನಗು. ಬಾಸ್ಟನ್ನಿನವರಾದರೆ "ಕಾರ್ ಪಾರ್ಕ್ ಮಾಡಿದೆ ಅನ್ನಿ ನೋಡೋಣ" ಎಂಬ ತಮಾಷೆ. ಮಿನೆಸೋಟದವರಾದರೆ 1996ರ 'ಫಾರ್ಗೊ' ಸಿನಿಮಾದ ಅಣಕು. ಇದೆಲ್ಲ ಪ್ರಯಾಣದ ಬೇಸರ ಕಳೆಯುವ ವಿನೋದವೆಂದು ಅಲ್ಲಿಯವರೂ ಹೇಳುತ್ತಾರೆ, ಅಲ್ಲಿಗೆ ಹೋಗಿಬಂದ ನಮ್ಮವರೂ ಹೇಳುತ್ತಾರೆ. ಇದು ವಿನೋದವಲ್ಲ, ತೀರ್ಪು. ಅದೂ ವಿಚಾರಣೆಯಿಲ್ಲದ ತೀರ್ಪು ಎಂಬುದು ನನ್ನ ವಾದ. ಬಹಳ ವರ್ಷ ಮಕ್ಕಳ ಬಾಯಿಂದ ಇಂಗ್ಲಿಷನ್ನೂ ಕನ್ನಡವನ್ನೂ ಕೇಳುತ್ತ ಬಂದ ಮೇಷ್ಟ್ರಮ್ಮಳಾಗಿ ಈ ವಾದವನ್ನು ಮುಂದಿಡುತ್ತಿದ್ದೇನೆ.

ಮೊದಲು ಆ ಧಾಟಿಗಳು ಎಂಥವೆಂದು ನೋಡೋಣ. ಟೆನೆಸಿ, ಅಲಬಾಮ, ಜಾರ್ಜಿಯ ಮುಂತಾದ ಕಡೆ 'ಐ' ಎಂಬ ಸ್ವರ 'ಆ' ಆಗುತ್ತದೆ. 'ಫೈವ್' ಎಂಬುದು 'ಫಾವ್', 'ನೈನ್' ಎಂಬುದು 'ನಾನ್'. 'ಪೆನ್' ಮತ್ತು 'ಪಿನ್' ಎರಡೂ ಒಂದೇ ಆಗಿ ಕೇಳಿಸುವುದರಿಂದ ಬರೆಯುವ ಪೆನ್ನನ್ನು 'ಇಂಕ್ ಪೆನ್' ಎಂದು ಬಿಡಿಸಿ ಹೇಳುತ್ತಾರೆ. ಹಲವರನ್ನು ಉದ್ದೇಶಿಸಿ ಮಾತಾಡುವಾಗ ಅವರು 'ಯಾಲ್' ಎನ್ನುತ್ತಾರೆ, ಪಿಟ್ಸ್‌ಬರ್ಗಿನವರು 'ಯಿನ್ಜ್' ಎನ್ನುತ್ತಾರೆ. ಇಂಗ್ಲಿಷಿನ 'ಯೂ' ಎಂಬ ಒಂದೇ ಪದ ಏಕವಚನಕ್ಕೂ ಬಹುವಚನಕ್ಕೂ ದುಡಿದು ಸೋತಾಗ ಈ ಜನ ತಮ್ಮ ಮನೆಯಲ್ಲೇ ಬಹುವಚನ ಮಾಡಿಕೊಂಡರು. ನೀನು, ನೀವು ಎಂದು ಬೇರೆ ಬೇರೆ ಪದವಿರುವ ನಾವು ಇದನ್ನು ಮೆಚ್ಚಬೇಕೇ ಹೊರತು ನಗಬೇಕಾಗಿಲ್ಲ. ಈ ಧಾಟಿಗಳು ಸೋಮಾರಿತನದಿಂದ ಹುಟ್ಟಿದವಲ್ಲ. 18ನೆಯ ಶತಮಾನದಲ್ಲಿ ಉತ್ತರ ಐರ್ಲೆಂಡಿನಿಂದ ಬಂದ ಸ್ಕಾಟ್-ಐರಿಷ್ ಜನ ಅಪಲೇಚಿಯನ್ ಬೆಟ್ಟಗಳಲ್ಲಿ ನೆಲೆಸಿದರು, ತಮ್ಮ ಮಾತನ್ನೂ ತಂದರು. ಇಂಗ್ಲೆಂಡಿನೊಂದಿಗೆ ಹಡಗಿನ ವ್ಯವಹಾರವಿದ್ದ ಬಾಸ್ಟನ್ನಿನಂಥ ಬಂದರು ಪಟ್ಟಣಗಳು ಅಲ್ಲಿಯವರಂತೆಯೇ ಪದದ ಕೊನೆಯ 'ರ'ಕಾರವನ್ನು ಬಿಟ್ಟವು. ಎಲ್ಲದಕ್ಕೂ ಕಾರಣವಿದೆ, ಚರಿತ್ರೆಯಿದೆ.

ಆ ಎಳೆದ ಮಾತು ಕೇಳಿದರೆ ಮಂದಬುದ್ಧಿಯವರೆಂದು ಅನ್ನಿಸುತ್ತದಂತೆ. ಹಾಗಿದ್ದರೆ ಒಂದು ಮಾತು ಕೇಳುತ್ತೇನೆ. ಅದೇ ವಿಮಾನದಲ್ಲಿ ಪೈಲಟ್ಟಿನ ಧ್ವನಿ ಬರುತ್ತದಲ್ಲ, ಯಾವ ಅವಸರವೂ ಇಲ್ಲದೆ, ಸ್ವಲ್ಪ ರಾಗ ಎಳೆದು, "ಮುಂದೆ ಒಂದಿಷ್ಟು ಅಲುಗಾಟ ಇರಬಹುದು, ಬೆಲ್ಟ್ ಕಟ್ಟಿಕೊಂಡಿರಿ" ಎಂದು? ಆ ಧಾಟಿ ಎಲ್ಲಿಂದ ಬಂತು? ಟಾಮ್ ವುಲ್ಫ್ ಎಂಬ ಲೇಖಕರು 1979ರಲ್ಲಿ ಬರೆದ 'ದಿ ರೈಟ್ ಸ್ಟಫ್' ಪುಸ್ತಕದಲ್ಲಿ ಇದಕ್ಕೆ ಒಂದು ಮೂಲಪುರುಷನನ್ನು ತೋರಿಸುತ್ತಾರೆ. 1947ರಲ್ಲಿ ಮೊದಲ ಬಾರಿಗೆ ಶಬ್ದದ ವೇಗವನ್ನು ಮೀರಿ ವಿಮಾನ ಹಾರಿಸಿದ ಚಕ್ ಯೇಗರ್, ವೆಸ್ಟ್ ವರ್ಜೀನಿಯದ ಗುಡ್ಡಗಾಡಿನ ಹಳ್ಳಿಯ ಹುಡುಗ. ಅವನ ಆ ನಿಧಾನದ ಮಾತನ್ನು ಮೊದಲು ಸೈನ್ಯದ ಪೈಲಟ್ಟುಗಳು, ಆಮೇಲೆ ಪ್ರಯಾಣಿಕ ವಿಮಾನಗಳ ಪೈಲಟ್ಟುಗಳು ಅನುಕರಿಸಿದರು ಎಂಬುದು ವುಲ್ಫರ ವಾದ. ಮೂವತ್ತು ಸಾವಿರ ಅಡಿ ಎತ್ತರದಲ್ಲಿ ವಿಮಾನ ನಡುಗುವಾಗ ಯಾವ ಧಾಟಿಯನ್ನು ಕೇಳಿ ಎದೆ ಹಗುರವಾಗುತ್ತದೋ, ಅದನ್ನೇ ಪಕ್ಕದ ಸೀಟಿನ ಕಲ್ಲಿದ್ದಲು ಗಣಿಯ ಕೂಲಿಯ ಬಾಯಲ್ಲಿ ಕೇಳಿದರೆ ನಗು ಬರುತ್ತದೆ. ಸ್ವರ ಒಂದೇ, ಸಮವಸ್ತ್ರ ಬೇರೆ. ಅಂದಮೇಲೆ ನಗು ಬಂದದ್ದು ಸ್ವರಕ್ಕೆ ಎಂದು ಹೇಗೆ ನಂಬಲಿ?

ಇನ್ನೊಂದು ಸಾಕ್ಷಿ ಬೇಕಾದರೆ 'ರ'ಕಾರದ ಕಥೆ ಕೇಳಿ. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ತಮ್ಮ ರೇಡಿಯೋ ಭಾಷಣಗಳಲ್ಲಿ ಪದದ ಕೊನೆಯ 'ರ'ಕಾರವನ್ನು ನುಂಗುತ್ತಿದ್ದರು. ಆಗ ಅದು ದೊಡ್ಡ ಮನೆತನದವರ ಲಕ್ಷಣ. ಎರಡನೆಯ ಮಹಾಯುದ್ಧದ ನಂತರ ಗಾಳಿ ತಿರುಗಿತು, 'ರ'ಕಾರ ಹೇಳುವುದೇ ಗೌರವದ ಗುರುತಾಯಿತು. 1962ರಲ್ಲಿ ವಿಲಿಯಂ ಲಬಾವ್ ಎಂಬ ವಿದ್ವಾಂಸರು ನ್ಯೂಯಾರ್ಕಿನ ಮೂರು ದೊಡ್ಡ ಅಂಗಡಿಗಳಿಗೆ ಹೋಗಿ, ನಾಲ್ಕನೆಯ ಮಹಡಿಯಲ್ಲಿರುವ ಸಾಮಾನು ಎಲ್ಲಿದೆಯೆಂದು ಕೇಳುತ್ತ 'ಫೋರ್ತ್ ಫ್ಲೋರ್' ಎಂಬ ಉತ್ತರವನ್ನು 264 ಜನರ ಬಾಯಿಂದ ಹೊರಡಿಸಿದರು. ಸಿರಿವಂತರು ಹೋಗುವ ಸ್ಯಾಕ್ಸ್ ಅಂಗಡಿಯ ನೌಕರರಲ್ಲಿ ನೂರಕ್ಕೆ 62 ಜನ ಸ್ವಲ್ಪವಾದರೂ 'ರ'ಕಾರ ನುಡಿದರು. ಮಧ್ಯಮ ವರ್ಗದ ಮೇಸೀಸ್‌ನಲ್ಲಿ 51 ಜನ. ಅಗ್ಗದ ಕ್ಲೈನ್ಸ್ ಅಂಗಡಿಯಲ್ಲಿ ಸುಮಾರು 20 ಜನ. ಒಂದು ತಲೆಮಾರಿನ ಹಿಂದೆ ಅಧ್ಯಕ್ಷರ ಬಾಯಲ್ಲಿ ಘನತೆಯಾಗಿದ್ದದ್ದು ಕ್ಲೈನ್ಸ್ ಅಂಗಡಿಯ ನೌಕರಳ ಬಾಯಲ್ಲಿ ಕೊರತೆಯಾಯಿತು. ಅಕ್ಷರದಲ್ಲಿ ಏನೂ ಬದಲಾಗಿರಲಿಲ್ಲ.

ಹೀಗೆ ತೀರ್ಪು ಕೊಡುವವರು ತಮ್ಮ ಮಾತಿನ ಬಗ್ಗೆ ಏನು ತಿಳಿದಿದ್ದಾರೆ? ಡೆನಿಸ್ ಪ್ರೆಸ್ಟನ್ ಎಂಬ ಭಾಷಾವಿಜ್ಞಾನಿ ಮಿಷಿಗನ್ ರಾಜ್ಯದ ಜನರನ್ನು ಯಾವ ಕಡೆಯ ಇಂಗ್ಲಿಷ್ ಹೆಚ್ಚು ಶುದ್ಧವೆಂದು ಕೇಳಿದಾಗ ಅವರು ಮೊದಲ ಸ್ಥಾನವನ್ನು ತಮಗೇ ಕೊಟ್ಟುಕೊಂಡರು, ಕೊನೆಯದನ್ನು ದಕ್ಷಿಣಕ್ಕೆ ಕೊಟ್ಟರು. ದಕ್ಷಿಣದವರ ಕಿವಿಗೆ ಮಿಷಿಗನ್ನಿನ ಮಾತು ಎದ್ದು ಕೇಳುವ ಧಾಟಿಯೇ. ತನ್ನ ಬೆನ್ನು ತನಗೆ ಕಾಣದು. ಇದಕ್ಕಿಂತ ನೋವಿನ ಸಂಗತಿಯೆಂದರೆ, ದಕ್ಷಿಣದ ಅಲಬಾಮದವರೂ ತಮ್ಮ ಮಾತು ಇಂಪಾದದ್ದು ಎಂದರೇ ಹೊರತು ಶುದ್ಧವಾದದ್ದು ಎನ್ನಲು ಹಿಂಜರಿದರು. ಬೇರೆಯವರ ನಗುವನ್ನು ಇಷ್ಟು ವರ್ಷ ಕೇಳಿಸಿಕೊಂಡರೆ ಅದನ್ನು ನಂಬದೆ ಇರುವುದು ಕಷ್ಟ.

"ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಸಿಟ್ಟೇಕೆ? ಯಾರಿಗೆ ಏನು ನಷ್ಟವಾಯಿತು?" ಎಂದು ಕೇಳುವವರಿದ್ದಾರೆ. ನಷ್ಟವಾಗಿದೆ. ಕರಿಯರ ಇಂಗ್ಲಿಷಿಗೂ ದಕ್ಷಿಣದ ಇಂಗ್ಲಿಷಿಗೂ ಹತ್ತಿರದ ನಂಟಿದೆ. 20ನೆಯ ಶತಮಾನದಲ್ಲಿ ಲಕ್ಷಾಂತರ ಕರಿಯರು ದಕ್ಷಿಣವನ್ನು ಬಿಟ್ಟು ಉತ್ತರದ, ಪಶ್ಚಿಮದ ನಗರಗಳಿಗೆ ಹೋದಾಗ ಆ ಮಾತನ್ನು ಹೊತ್ತೊಯ್ದರು. ಜಾನ್ ಬಾ ಎಂಬ ವಿದ್ವಾಂಸರೂ ಅವರ ಸಂಗಡಿಗರೂ 1999ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಸ್ಯಾನ್‌ಫ್ರಾನ್ಸಿಸ್ಕೋ ಸುತ್ತಮುತ್ತ ಬಾಡಿಗೆ ಮನೆ ಇದೆಯೇ ಎಂದು ಬಾ ಅವರೇ ಟೆಲಿಫೋನಿನಲ್ಲಿ ಮೂರು ಧಾಟಿಗಳಲ್ಲಿ ವಿಚಾರಿಸಿದರು: ಒಮ್ಮೆ ಕರಿಯರ ಧಾಟಿ, ಒಮ್ಮೆ ಮೆಕ್ಸಿಕೋ ಮೂಲದವರ ಧಾಟಿ, ಒಮ್ಮೆ ಪುಸ್ತಕದ ಇಂಗ್ಲಿಷು. ವಾಕ್ಯ ಮಾತ್ರ ಒಂದೇ. ಬಿಳಿಯರೇ ತುಂಬಿದ ವುಡ್‌ಸೈಡ್ ಎಂಬಲ್ಲಿ ಪುಸ್ತಕದ ಇಂಗ್ಲಿಷಿಗೆ ನೂರಕ್ಕೆ 70ರಷ್ಟು ಸಲ ಮನೆ ನೋಡಲು ಕರೆ ಬಂದರೆ, ಉಳಿದೆರಡು ಧಾಟಿಗಳಿಗೆ ಅದು 30ನ್ನೂ ಮುಟ್ಟಲಿಲ್ಲ. ಬಸ್ಸಿನಲ್ಲಿ ನಕ್ಕವನೇ ಮನೆಗೆ ಹೋದಮೇಲೆ ಮಾಲೀಕನಾಗುತ್ತಾನೆ, ಮ್ಯಾನೇಜರನಾಗುತ್ತಾನೆ, ಶಿಕ್ಷಕನಾಗುತ್ತಾನೆ ಎಂಬುದನ್ನು ಮರೆಯಬಾರದು.

ಶಿಕ್ಷಕರ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ತಮ್ಮದೇ ಶುದ್ಧ ಎಂದುಕೊಳ್ಳುವ ಅದೇ ಮಿಷಿಗನ್ನಿನ ಆ್ಯನ್ ಆರ್ಬರ್ ಪಟ್ಟಣದಲ್ಲಿ ಕೆಲವು ಕರಿಯ ಮಕ್ಕಳು ಓದಿನಲ್ಲಿ ಹಿಂದುಳಿದಾಗ ತಾಯಂದಿರು ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಾಧೀಶ ಚಾರ್ಲ್ಸ್ ಜಾಯ್ನರ್ ತೀರ್ಪಿತ್ತರು: ಮಕ್ಕಳ ಮನೆಮಾತನ್ನು ಶಿಕ್ಷಕರು ಗಮನಕ್ಕೆ ತೆಗೆದುಕೊಳ್ಳದೆ ಇದ್ದದ್ದೇ ಅವರ ಕಲಿಕೆಗೆ ಅಡ್ಡಿಯಾಗಿದೆ, ಶಾಲಾ ಆಡಳಿತ ಇದನ್ನು ಸರಿಪಡಿಸಬೇಕು. ಮಕ್ಕಳಿಗೆ ಪುಸ್ತಕದ ಭಾಷೆಯನ್ನು ಕಲಿಸಲೇಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಹೊಸದನ್ನು ಕಲಿಸುವುದು ಬೇರೆ, ಮನೆಯಿಂದ ತಂದದ್ದಕ್ಕೆ ನಾಚಿಕೆ ಹುಟ್ಟಿಸುವುದು ಬೇರೆ. ನಾಚಿಕೆಪಟ್ಟ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮಗುವಿಗೆ ಯಾವ ಭಾಷೆಯನ್ನೂ ಕಲಿಸಲು ಬರುವುದಿಲ್ಲ.

ನಗುವವರ ಪಕ್ಕದಲ್ಲೇ ಇನ್ನೊಂದು ಗುಂಪಿದೆ, ಮೆಚ್ಚುವವರದ್ದು. "ಅಯ್ಯೋ, ಎಷ್ಟು ಚೆಂದ! ಇನ್ನೊಂದು ಸಲ ಹೇಳಿ!" ಎನ್ನುವವರು. ಉತ್ತರ ಕೆರೊಲಿನಾದ ಕರಾವಳಿಯಲ್ಲಿ ಒಕ್ರಕೋಕ್ ಎಂಬ ದ್ವೀಪವಿದೆ. ರಸ್ತೆಯಿಲ್ಲ, ದೋಣಿಯಲ್ಲಿ ಹೋಗಬೇಕು. ಅಲ್ಲಿನ ಹಳಬರು 'ಹೈ ಟೈಡ್' ಎಂಬುದನ್ನು 'ಹಾಯ್ ಟಾಯ್ಡ್' ಎಂಬಂತೆ ನುಡಿಯುತ್ತಾರೆ. ದೋಣಿಯಿಂದ ಇಳಿದ ಪ್ರವಾಸಿಗರು ಅದನ್ನು ಹೇಳಿಸಿ ಕೇಳಿ ಸಂತೋಷಪಡುತ್ತಾರೆ. ಮೀನು ಹಿಡಿಯುವ ಮುದುಕನಿಗೆ ಭರತ ಇಳಿತ ಎಂದರೆ ಹೊಟ್ಟೆಪಾಡು, ಇವರಿಗೆ ಗಿಳಿಯ ಮಾತು. ದ್ವೀಪದವರೂ ಸುಮ್ಮನಿಲ್ಲ, ಹೊರಗಿನವರಿಗೆ 'ಡಿಂಗ್‌ಬ್ಯಾಟರ್' ಎಂದು ಹೆಸರಿಟ್ಟಿದ್ದಾರೆ. ಮ್ಯಾಸಚೂಸೆಟ್ಸಿನ ಮಾರ್ತಾಸ್ ವಿನ್ಯರ್ಡ್ ದ್ವೀಪದ ಸಂಗತಿ ಇನ್ನೂ ಸ್ವಾರಸ್ಯದ್ದು. ಸುಮಾರು ಆರು ಸಾವಿರ ಜನರ ಆ ದ್ವೀಪಕ್ಕೆ ಬೇಸಿಗೆಯಲ್ಲಿ ನಲವತ್ತು ಸಾವಿರಕ್ಕೂ ಮಿಕ್ಕಿ ಜನ ಬರುತ್ತಿದ್ದ ಕಾಲದಲ್ಲಿ ಇದೇ ಲಬಾವ್ ಅಲ್ಲಿಗೆ ಹೋಗಿ ನೋಡಿ, 1963ರಲ್ಲಿ ಬರೆದರು: ದ್ವೀಪವನ್ನು ಬಿಡದೆ ಅಲ್ಲೇ ಬಾಳಬೇಕೆಂದವರು, ಅದರಲ್ಲೂ ಮೀನುಗಾರರು, ತಮ್ಮ ಹಳೆಯ ಉಚ್ಚಾರವನ್ನು ಇನ್ನಷ್ಟು ಗಟ್ಟಿಮಾಡಿಕೊಂಡಿದ್ದರು. ಬಂದವರು ಮನೆ ಕೊಂಡರು, ಸಮುದ್ರತೀರ ಕೊಂಡರು. ನಾಲಿಗೆಯನ್ನು ಮಾತ್ರ ಇವರು ಮಾರಲಿಲ್ಲ.

ಈಗ ನಮ್ಮವರ ಸುದ್ದಿ. ಮಕ್ಕಳನ್ನು ನೋಡಲು ಹೋದ ನಮ್ಮಂಥ ಅಪ್ಪ ಅಮ್ಮಂದಿರನ್ನು ಕೂಡಿಸಿಕೊಂಡು ನಾಲ್ಕಾರು ಕನ್ನಡ ಕುಟುಂಬಗಳು ಟೆನೆಸಿಯ ಸ್ಮೋಕಿ ಬೆಟ್ಟಗಳಿಗೆ ಬಸ್ಸು ಮಾಡಿಕೊಂಡು ಹೋಗಿದ್ದವು. ಚಾಲಕ ಆ ಬೆಟ್ಟದ ಕಡೆಯವನೇ, ವಯಸ್ಸಾದವನು. ಬೆಳಿಗ್ಗೆ ಬಸ್ಸು 'ನಾನ್' ಗಂಟೆಗೆ ಹೊರಡುತ್ತದೆಂದು ಅವನು ಹೇಳಿದ್ದೇ ತಡ, ಹಿಂದಿನ ಸೀಟಿನ ನಮ್ಮ ಹುಡುಗನೊಬ್ಬ "ನಾನ್ ಬಂತು, ಪನೀರ್ ಎಲ್ಲಿ?" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ನಗುವಿನ ಕಾರಣ ಚಾಲಕನಿಗೆ ಭಾಷೆ ಬಾರದಿದ್ದರೂ ಗೊತ್ತಾಯಿತು. ಅವನು ಕನ್ನಡಿಯಲ್ಲಿ ಒಮ್ಮೆ ನೋಡಿ ಸುಮ್ಮನಾದ. ಹುಡುಗನ ಊರು ಹಾಸನದ ಕಡೆ. "ಏನಪ್ಪಾ, ನಿಮ್ಮಜ್ಜಿ ಹಾಸನಕ್ಕೆ ಏನಂತಿದ್ದರು?" ಎಂದೆ. "ಆಸ್ನ ಅಂತಿದ್ರು ಆಂಟಿ" ಎಂದು ನಕ್ಕ. "ಅದಕ್ಕೆ ಬೆಂಗಳೂರಿನವರು ನಕ್ಕಾಗ ನಿನಗೆ ಹೇಗಾಗುತ್ತಿತ್ತು?" ಎಂದೆ. ಅವನು ಉತ್ತರ ಕೊಡಲಿಲ್ಲ.

ಧಾರವಾಡದ ಮಾತನ್ನು, ಕುಂದಾಪುರದ ಮಾತನ್ನು ನಮ್ಮ ಸಿನಿಮಾಗಳು ಎಷ್ಟು ಕಾಲ ಬರೀ ನಗಿಸುವುದಕ್ಕೆ ಬಳಸಿಕೊಂಡವೆಂದು ಬಲ್ಲ ನಾವು ಸಮುದ್ರ ದಾಟಿದ ಕೂಡಲೇ ನಗುವವರ ಸಾಲಿಗೆ ಸೇರುವುದೇಕೆ? ಅಲ್ಲಿ ನಮ್ಮ ಇಂಗ್ಲಿಷನ್ನೂ ಅಣಕಿಸುತ್ತಾರೆ. ತನಗಿಂತ ಕೆಳಗೆ ಇನ್ನೊಬ್ಬನಿದ್ದಾನೆ ಎಂದು ತೋರಿಸಿಕೊಂಡರೆ ತನ್ನ ಸ್ಥಾನ ಒಂದು ಮೆಟ್ಟಿಲು ಏರಿತೆಂಬ ಭ್ರಮೆ ಇದು. ಬೆಂಗಳೂರಿನ ಕಾಲ್ ಸೆಂಟರುಗಳಲ್ಲಿ 2000ದ ಸುಮಾರಿನಿಂದ ನಮ್ಮ ಹುಡುಗ ಹುಡುಗಿಯರ ಊರಿನ ಧಾಟಿಯನ್ನು ತಿಕ್ಕಿ ಅಳಿಸಲು ತರಬೇತಿ ಕೊಟ್ಟರು. ಆಡಿದ ಕ್ಷಣದಲ್ಲೇ ಧಾಟಿ ಬದಲಿಸುವ ಕಂಪ್ಯೂಟರ್ ತಂತ್ರಾಂಶಗಳೂ ಈಗ ಬಂದಿವೆ. ಆ ತರಬೇತಿಗೆ 'ನ್ಯೂಟ್ರಲ್' ಎಂದು ಹೆಸರು. ಯಾವ ಊರಿನದೂ ಅಲ್ಲದ ಮಾತಂತೆ! ಅಂಥ ಮಾತು ಯಾವ ತಾಯಿಯ ಬಾಯಲ್ಲೂ ಇಲ್ಲ. ಅದು ಕೆಲವು ಊರುಗಳ ಕೆಲವು ಜನರ ಮಾತು, ಅವರ ಕೈಯಲ್ಲಿ ಕೆಲಸ ಕೊಡುವ ಅಧಿಕಾರವಿರುವುದರಿಂದ ಅದಕ್ಕೆ ಧಾಟಿಯಿಲ್ಲವೆಂದು ಎಲ್ಲರೂ ಒಪ್ಪಿದ್ದಾರೆ.

ಹೊಟ್ಟೆಪಾಡಿಗಾಗಿ ಅದನ್ನು ಕಲಿಯುವವರನ್ನು ನಾನು ದೂರುವುದಿಲ್ಲ. ನನ್ನ ಜಗಳ ನಗುವವರ ಜೊತೆ. ಪ್ರಯಾಣದಲ್ಲಿ ಪಕ್ಕದವರ ಮಾತು ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಿ, ತಪ್ಪಿಲ್ಲ. ಅವರು ಹೇಗೆ ಹೇಳಿದರು ಎಂಬುದನ್ನು ಬಿಟ್ಟು ಏನು ಹೇಳಿದರು ಎಂಬುದಕ್ಕೆ ಕಿವಿಗೊಡಿ. ಅಷ್ಟೂ ಸಾಧ್ಯವಾಗದವರು ಪೈಲಟ್ ಮಾತಾಡುವಾಗಲೂ ನಕ್ಕು ತೋರಿಸಲಿ.